ಬೀಗರು ಕೂತ ಬೆಂಚು

ಆ ದಿನ ನಾನು ಹೇಳಿದ್ದು ಅರ್ಧ ನಿಜ. ಅದೂ ಸಿಕ್ಕಿಬಿದ್ದ ಮೇಲೆ.

ಜೇವರ್ಗಿಯ ನಮ್ಮ ಓಣಿಯ ಹೆಂಗಸರು ಇದನ್ನು ಒಪ್ಪುವುದಿಲ್ಲ. "ಈ ಆಯಿ ಬೀಗರ ಮುಂದ ನಿಂತು ಖರೇ ಮಾತು ಆಡಿದಾಕಿ" ಎಂದು ಈಗಲೂ ನನ್ನನ್ನು ತೋರಿಸಿ ಹೊಗಳುತ್ತಾರೆ. ಹೊಗಳಲಿ. ಬೇಡ ಎನ್ನಲು ನನಗೇನು ತಲೆ ಕೆಟ್ಟಿದೆಯೇ? ಆದರೆ ಆ ಖರೇ ಮಾತಿಗೆ ಮೊದಲು ಅರ್ಧ ತಾಸು ನಾನು ಬೆವರು ಒರೆಸಿಕೊಳ್ಳುತ್ತ ಅದನ್ನೇ ಮುಚ್ಚಿಟ್ಟಿದ್ದೆ. ಮೊನ್ನೆ ಬೆಂಚಿನ ಮೇಲಿರುವ ಹಂಡೆ ಒರೆಸುವಾಗ ಅದೆಲ್ಲ ನೆನಪಾಗಿ, ಬರೆದುಬಿಡೋಣ ಎನಿಸಿತು. ನಾಲ್ಕನೇ ಇಯತ್ತೆಯವರೆಗೆ ಕಲಿಸಿದ ಮಾಸ್ತರರ ಹೊಡೆತಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಸುಮಂಗಲಾ ನನ್ನ ಮಗಳ ಮಗಳು. ಮಗಳು ತೀರಿಹೋಗಿ ಬಹಳ ವರ್ಷವಾಯಿತು, ಹೀಗಾಗಿ ಹುಡುಗಿಯನ್ನು ಆಳಂದ ಕಡೆಯ ನಮ್ಮ ಹಳ್ಳಿಯಲ್ಲಿ ನಾನೇ ಬೆಳೆಸಿ ಚೌಡಾಪುರಕ್ಕೆ ಕೊಟ್ಟೆ. ಗಂಡ ದುಡಿಯಲು ಪುಣೆಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಇವಳು ಎರಡು ವರ್ಷ ಅತ್ತೆಯ ಮನೆಯಲ್ಲಿ ಹಾದಿ ಕಾಯ್ದಳು. ಆಮೇಲೆ ನಾಲ್ಕು ವರ್ಷದ ಮಗಳು ಭಾಗ್ಯಾಳನ್ನು ಕಟ್ಟಿಕೊಂಡು ಜೇವರ್ಗಿಗೆ ಬಂದು, ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದು, ಎರಡು ಖೋಲಿ ಬಾಡಿಗೆಗೆ ಪಡೆದಳು. ನಾನೂ ನನ್ನ ಗಂಟು ಹೊತ್ತು ಬಂದು ಸೇರಿದೆ.

ಬೀಗರು ಹಿರಿಯರನ್ನು ಕೂಡಿಸಿದರು. ಸೊಸೆ ಹೋದರೆ ಹೋಗಲಿ, ಮೊಮ್ಮಗಳು ಬೇಕು ಎಂಬುದು ಅವರ ಹಟ. ಅವರ ಊರ ಹಿರಿಯ ಮಲ್ಲಣಗೌಡರು ತೀರ್ಮಾನ ಹೇಳಿದರು: "ಖೋಲಿ ಹಿಡದು ಚಾಪಿ ಹಾಸಿದ್ರ ಮನಿ ಆಗೂದಿಲ್ಲವ್ವಾ. ಮನಿ ಮನಿಯಂಗ ಇರಬೇಕು. ಮೂರು ತಿಂಗಳಿಗೆ ಬಂದು ನೋಡ್ತೇವಿ. ಛಲೋ ಇತ್ತಂದ್ರ ಕೂಸು ನಿನ್ನ ಹಂತೇಕ. ಇಲ್ಲಂದ್ರ ನಮ್ಮ ಕೂಡ ಚೌಡಾಪುರಕ್ಕ."

ಕೋರ್ಟು ಇಲ್ಲವೇ ಎಂದು ಓದುವವರು ಕೇಳಬಹುದು. ಇದೆ. ನಾವು ಹೋಗಲಿಲ್ಲ. ಹಿರಿಯರ ಮಾತಿಗೆ ತಲೆ ಅಲ್ಲಾಡಿಸಿ ಬಂದವರು ನಾವೇ.

ಮನೆಯನ್ನು ಮನೆಯಂತೆ ಮಾಡುವುದು ಹೇಗೆ? ಹುಡುಗಿಯ ಪಗಾರ ಬಾಡಿಗೆಗೆ, ಅಕ್ಕಿ ಜೋಳಕ್ಕೆ ಸರಿಹೋಗುತ್ತಿತ್ತು. ಅವಳು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಒಂದು ದಾರಿ ಹುಡುಕಿದಳು.

"ಆಯಿ, ಮನ್ಯಾಗಿನ ಹಳೇದು, ಮಂದಿ ಬಳಸಿ ಬಿಟ್ಟಿದ್ದು, ಅಂಗಡ್ಯಾಗಿನ ಹೊಸಾದು, ಮೂರೂ ಕೂಡಿಸಿ ಇಟ್ರ ಭಾಳ ಕಳಿ ಬರ್ತದಂತ. ಯಾವುದು ಹಳೇದು ಯಾವುದು ಹೊಸಾದು ಕಣ್ಣಿಗೇ ತಿಳಿಯಂಗಿಲ್ಲಂತ."

"ಮೂರೂ ಕೂಡಿಸಿದ್ರ ಗುಜರಿ ಮೋಡಕಾ ಅಂಗಡಿ ಆಗ್ತದ ಬೇ" ಎಂದೆ.

ನಮ್ಮ ಕಾಲದಲ್ಲಿ ಮನೆಗೆ ಅಲಂಕಾರ ಅಂತ ಬೇರೆ ಇರಲಿಲ್ಲ. ಗೋಡೆಗೆ ಗೂಟ, ಗೂಟಕ್ಕೆ ಅಂಗಿ. ಅಂಗಿ ಒಗೆಯಲು ಹಾಕಿದ ದಿನ ಗೋಡೆ ಬೋಳು. ಇವಳು ನನ್ನ ಹೊದಿಕೆಯ ಕೌದಿಯನ್ನೇ ಒಯ್ದು ಹೊರಗಿನ ಖೋಲಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಆ ಕೌದಿಯಲ್ಲಿ ನನ್ನ ಗಂಡನ ಧೋತರದ ತುಂಡಿದೆ, ಅತ್ತೆಯ ಇಳಕಲ್ ಸೀರೆಯ ಸೆರಗಿದೆ. ಇಬ್ಬರೂ ಇದ್ದಾಗ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಈಗ ಒಂದೇ ಗೋಡೆಯ ಮೇಲೆ ಮಗ್ಗುಲಿಗೆ ಮಗ್ಗುಲು. "ಥಂಡಿಗೆ ನಾನೇನು ಗೋಡಿ ಅಪ್ಪಿಕೊಂಡು ಮಲಗಲೇನು?" ಎಂದು ಕೇಳಿದೆ. ಅಂಗಡಿಯಿಂದ ಹೊಸ ರಗ್ಗು ತಂದುಕೊಟ್ಟಳು. ಅದು ಬೆಚ್ಚಗಿತ್ತು. ಕೌದಿಗಿಂತ ಬೆಚ್ಚಗಿತ್ತು ಎಂದು ಅವಳಿಗೆ ನಾನು ಇಂದಿಗೂ ಹೇಳಿಲ್ಲ.

ನನ್ನ ತಾಮ್ರದ ಹಂಡೆಯಲ್ಲಿ ಬಳ್ಳಿ ನೆಟ್ಟಳು. ನೀರು ಕಾಸುವ ಹಂಡೆಗೆ ಮಣ್ಣು ತುಂಬಿದ್ದು ನೋಡಿ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೇ ದಿನ ಬಳ್ಳಿಗೆ ನೀರು ಹಾಕಿದವಳು ನಾನೇ. ಆಳಂದದಲ್ಲಿ ಬಂದ್ ಆದ ಒಂದು ಕಟಿಂಗ್ ಅಂಗಡಿಯ ಉದ್ದನೆಯ ಕನ್ನಡಿ ಸಿಕ್ಕಿತು. ಅದರ ಕೆಳಗೆ ಕೆಂಪು ಬಣ್ಣದಲ್ಲಿ "ಇಲ್ಲಿ ರಾಜಕೀಯ ಮಾತಾಡಬಾರದು" ಎಂದು ಬರೆದಿತ್ತು. ನಾನು ಬ್ಲೇಡು ತೆಗೆದುಕೊಂಡು ಕೆರೆಯಲು ಕೂತೆ. ಅರ್ಧ ಹೋಯಿತು, ಉಳಿದರ್ಧ ಹಟ ಹಿಡಿಯಿತು. ಹೀಗಾಗಿ ನಮ್ಮ ಮನೆಗೆ ಯಾರೇ ಬಂದರೂ ಮೊದಲು ಕಣ್ಣಿಗೆ ಬೀಳುವುದು "ಮಾತಾಡಬಾರದು".

ಇನ್ನು ಬೆಂಚು. ಹಿರಿಯರು ಬಂದರೆ ಕೂರಿಸಲು ಏನಾದರೂ ಬೇಕಲ್ಲ. ಮದುವೆ ಮಂಟಪದವರು ಮಾರಿದ ಒಂದು ಸ್ಟೀಲ್ ಕುರ್ಚಿ ಬಿಟ್ಟರೆ ನಮ್ಮ ಬಳಿ ಏನೂ ಇರಲಿಲ್ಲ. ಅಫಜಲಪುರದಲ್ಲಿ ಹಳೆ ಮನೆ ಕೆಡವಿದ ಕಟ್ಟಿಗೆ ಮಾರುವ ಮಹಬೂಬಸಾಬನ ಅಡ್ಡೆಗೆ ನಾನೇ ಹೋದೆ. ಸುಮಂಗಲಾ ಬರುತ್ತೇನೆ ಎಂದಳು. "ಕಟ್ಟಿಗಿ ಆರಸೂದು ಫೋನಿನಾಗ ಬರಂಗಿಲ್ಲ. ನೀ ಮನ್ಯಾಗಿರು" ಎಂದು ಬೈದು ಬಿಟ್ಟುಹೋದೆ. ಎಡವಿದ್ದು ಅಲ್ಲೇ.

ಗೋಡೆಗೆ ಆನಿಸಿ ನಿಲ್ಲಿಸಿದ್ದ ಒಂದು ದಪ್ಪ ತೊಲೆಯಂಥ ಹಲಗೆ ನನಗೆ ಒಪ್ಪಿಗೆಯಾಯಿತು. ನಡುವೆ ಸ್ವಲ್ಪ ಸವೆದು ತಗ್ಗಾಗಿತ್ತು, ಕೂರಲು ಅಂತಲೇ ಕೆತ್ತಿದ ಹಾಗೆ.

"ಅಸಲಿ ಸಾಗವಾನಿ ಅದ ಅಮ್ಮಾ. ನಿಜಾಮ್ ಜಮಾನಾದ ಮಾಲು" ಎಂದ ಮಹಬೂಬಸಾಬ.

"ನಿಜಾಮ ಬಂದು ಇದರ ಮ್ಯಾಲ ಕುಂತಿದ್ದನೇನು? ರೇಟು ಹೇಳು."

"ಇದರ ಮ್ಯಾಲ ಯಾರೂ ಕುಂದ್ರಂಗಿಲ್ರಿ ಅಮ್ಮಾ. ಬಾಗಲ ಚೌಕಟ್ಟಿನ ಮಾಲು ಅದ, ನೋಡ್ಕೊಂಡು ತಗೋರಿ."

"ಬಾಗಲದ್ದಿರಲಿ ಕಿಡಕಿದಿರಲಿ, ಕಟ್ಟಿಗಿ ಕಟ್ಟಿಗಿನೇ. ನಾಕು ಕಾಲು ಹಚ್ಚಿ, ತೂತು ಮುಚ್ಚಿ, ಬಣ್ಣ ಹೊಡದು ಕೊಡು."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವನು ಬಾಯಿ ತೆರೆದರೆ ರೇಟು ಏರುತ್ತದೆ ಎಂದು ನಾನು ಮುಂದೆ ಮಾತಾಡಲು ಬಿಡಲಿಲ್ಲ. ಗಿಣಿ ಹಸಿರು ಬಣ್ಣ ಬಳಿದು, ನಮ್ಮ ಕಡೆ ಬರುವ ಟೆಂಪೋದಲ್ಲಿ ಕಳಿಸಿಕೊಟ್ಟ. ಸುಮಂಗಲಾ ಅದರ ಮೇಲೆ ಸಂತೆಯಲ್ಲಿ ತಂದ ಎರಡು ಹೊಸ ದಿಂಬು ಇಟ್ಟಳು. ಚಂದ ಕಂಡಿತು. ಸುಳ್ಳು ಯಾಕೆ ಹೇಳಲಿ, ಚಂದವೇ ಕಂಡಿತು.

ಅದು ಹೊಸ್ತಿಲು.

ಅರವತ್ತು ವರ್ಷ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಷಿಣ ಕುಂಕುಮ ಹಚ್ಚಿದವಳಿಗೆ ಗುರುತು ಹತ್ತಲಿಲ್ಲವೇ ಎಂದು ಕೇಳಿದರೆ, ಇಲ್ಲ, ಹತ್ತಲಿಲ್ಲ. ಹೊಸ್ತಿಲು ಎಂದರೆ ನನ್ನ ಲೆಕ್ಕದಲ್ಲಿ ನೆಲದ ಮೇಲೆ, ಬಾಗಿಲಿನ ಕೆಳಗೆ ಇರುವಂಥದ್ದು. ಕಿತ್ತು ಗೋಡೆಗೆ ಆನಿಸಿದರೆ, ಸ್ವಂತ ಗಂಡನನ್ನು ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗೆ, ಎಲ್ಲೋ ನೋಡಿದ್ದೇನೆ ಎನಿಸಿ ಮುಂದೆ ಹೋಗಿಬಿಡುತ್ತೇವೆ. ಸಣ್ಣವಳಿದ್ದಾಗ ನಾನು ಒಮ್ಮೆ ಹೊಸ್ತಿಲ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಊದುಗೊಳವೆಯಿಂದಲೇ ಬೆನ್ನಿಗೆ ಒಂದು ಕೊಟ್ಟಳು. "ಲಕ್ಷ್ಮಿ ಬರೂ ಹಾದ್ಯಾಗ ಕುಂಡಿ ಊರಿ ಕುಂತೀಯಲ್ಲಬೇ!" ಆಮೇಲೆ ಹೊಸ್ತಿಲ ಮೇಲೆ ಕೂತಿಲ್ಲ, ನಿಂತಿಲ್ಲ, ಅಲ್ಲಿ ನಿಂತು ಯಾರಿಗೂ ಏನೂ ಕೊಟ್ಟಿಲ್ಲ. ಅಂಥವಳು ನಾಲ್ಕು ಕಾಲು ಹಚ್ಚಿಸಿ ಬೀಗರಿಗೆ ಆಸನ ಮಾಡಿದೆ.

ಬೀಗರು ಒಂದು ರವಿವಾರ ಹನ್ನೊಂದರ ಸುಮಾರಿಗೆ ಬಂದರು. ಮೂರು ಜನ: ಮಲ್ಲಣಗೌಡರು, ಸುಮಂಗಲಾಳ ಅತ್ತೆ ಬಸಮ್ಮ, ಬಸಮ್ಮನ ಮೈದುನ ಶರಣಪ್ಪ. ಬಸಮ್ಮ ಒಣಕಲು ಹೆಂಗಸು, ಮಾತು ಕಡಿಮೆ, ಕಣ್ಣು ಜಾಸ್ತಿ. ಬಂದವಳೇ ನಳ ತಿರುಗಿಸಿ ನೀರು ನೋಡಿದಳು. ಬಚ್ಚಲ ಬಾಗಿಲಿಗೆ ಚಿಲಕ ಬೀಳುತ್ತದೆಯೇ ಎಂದು ಹಾಕಿ ತೆಗೆದಳು. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಹುಳು ಇದೆಯೇ ಎಂದು ನೋಡಿ ಮುಚ್ಚಿದಳು. ಅವಳ ಹಿಂದೆ ಸುಮಂಗಲಾ, ಸುಮಂಗಲಾಳ ಹಿಂದೆ ಭಾಗ್ಯಾ, ಮೆರವಣಿಗೆಯ ಹಾಗೆ.

ನಾನು ಗಂಡಸರನ್ನು ಬೆಂಚಿನ ಮೇಲೆ ಕೂರಿಸಿದೆ. ಗೌಡರು ಮೆಲ್ಲಗೆ ಕೂತರು. ಶರಣಪ್ಪ ಒಳ್ಳೆ ತೂಕದ ಆಸಾಮಿ, ಧಪ್ಪನೆ ಕೂತ. ಅವನು ಕೂತ ಹೊಡೆತಕ್ಕೆ ಬೆಂಚಿನ ಕೆಳಗೆ ಏನೋ ಟಕ್ ಎಂದು ಬಿದ್ದು ಉರುಳಿ ನನ್ನ ಕಾಲಿಗೆ ಬಂತು. ಬಗ್ಗಿ ಎತ್ತಿಕೊಂಡೆ. ಕಟ್ಟಿಗೆ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡಿದ ಗಟ್ಟಿ ಬಿರಡೆ, ಒಂದು ಮುಖಕ್ಕೆ ಗಿಣಿ ಹಸಿರು ಬಣ್ಣ. ತೂತು ಮುಚ್ಚು ಎಂದು ನಾನೇ ಹೇಳಿದ್ದೆನಲ್ಲ, ಆ ತೂತಿನದು. ಬಗ್ಗಿದವಳಿಗೆ ಬೆಂಚಿನ ಕೆಳಭಾಗ ಕಂಡಿತು. ಹಳೆ ಬಾಗಿಲಿನ ತಿರುಗಣಿ ಕೂರುವ ಗುಂಡನೆಯ ಕುಳಿ, ತಿರುಗಿ ತಿರುಗಿ ಸವೆದು ತಳದಿಂದ ಮೇಲಿನವರೆಗೆ ಆರುಪಾರಾಗಿತ್ತು. ಬಣ್ಣ ಮುಟ್ಟದ ಕೆಳಗಿನ ಅಂಚಿನಲ್ಲಿ ಎಷ್ಟೋ ವರ್ಷದ ಅರಿಷಿಣ ಇಳಿದು ಗಟ್ಟಿಯಾಗಿ ಕೂತಿತ್ತು.

ಬಿರಡೆಯನ್ನು ಸೊಂಟದ ಎಲೆ ಅಡಿಕೆ ಸಂಚಿಗೆ ಸೇರಿಸಿ ಎದ್ದು ನಿಂತೆ.

ಎಬ್ಬಿಸಬೇಕು, ಆದರೆ ಏನೆಂದು ಎಬ್ಬಿಸುವುದು?

"ಗೌಡ್ರ, ಕೆಳಗ ಚಾಪಿ ಹಾಸ್ತೇನಿ. ನೆಲಾ ತಂಪದ, ಹಾಯಾಗಿ ಕುಂದ್ರಿ."

"ಬ್ಯಾಡ ಬಿಡವ್ವಾ, ಮೊಣಕಾಲು ಬಗ್ಗಂಗಿಲ್ಲ."

"ಶರಣಪ್ಪಾ, ನೀನರ ಕುರ್ಚಿ ಮ್ಯಾಲ ಬಾ. ಫ್ಯಾನಿನ ಗಾಳಿ ಅಲ್ಲೇ ಬೀಳ್ತದ."

"ಇಲ್ಲೇ ಛಲೋ ಅದ ಆಯಿ" ಎಂದು ಶರಣಪ್ಪ ಇನ್ನಷ್ಟು ಒರಗಿ ಕೂತ. "ನಡುವ ತಗ್ಗು ಅದ ನೋಡು, ನನ್ನ ಅಳತಿ ತಗೊಂಡು ಮಾಡಿಸಿದಂಗ ಅದ. ಎಲ್ಲಿ ಮಾಡ್ಸೀರಿ?"

ಸುಮಂಗಲಾ ಖುಷಿಯಿಂದ ಹೇಳಿಯೇಬಿಟ್ಟಳು: "ಹಳೇ ಕಟ್ಟಿಗಿ ಮಾವಾ. ನಮ್ಮ ಆಯಿ ಅಫಜಲಪುರಕ್ಕ ಹೋಗಿ ತಾನೇ ಆರಿಸಿ ತಂದಾಳ."

"ಯಾವುದರ ಕಟ್ಟಿಗಿ?" ಗೌಡರು ಬೆರಳಿನಿಂದ ಬೆಂಚನ್ನು ಬಡಿದು ನೋಡಿದರು.

"ಸಾಗವಾನಿ ರೀ" ಎಂದೆ. "ಮಿರ್ಚಿ ಆರಾಕತ್ತಾವ, ಮೊದಲು ತಿನ್ರಿ."

ಅವರು ಕೇಳಿದ್ದು ಅದಲ್ಲ ಎಂದು ನನಗೆ ಗೊತ್ತಿತ್ತು. ಚುರುಮುರಿ ಸುಸಲಾ, ಮಿರ್ಚಿ, ಚಹಾ, ಮತ್ತೆ ಸುಸಲಾ. ನಾನು ಬಡಿಸುತ್ತಲೇ ಇದ್ದೆ. ತಟ್ಟೆ ಖಾಲಿ ಆದರೆ ಮಾತು ಶುರುವಾಗುತ್ತದೆ, ಅದೇ ಹೆದರಿಕೆ. ಸುಮಂಗಲಾ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ತಡೆದು, "ಯಾಕ ಆಯಿ, ಬಡಿಸಿದ್ದೇ ಮತ್ತ ಬಡಸಾಕತ್ತೀದಿ?" ಎಂದಳು. "ವಯಸ್ಸು ಆಗ್ಯಾದ ಬೇ" ಎಂದೆ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಸುಣ್ಣದ ಗೋಡೆಯಾಗಿತ್ತು, ಗಲ್ಲದ ಕೆಳಗೆ ಕೆಂಪಕ್ಷರದಲ್ಲಿ "ಮಾತಾಡಬಾರದು".

ಶರಣಪ್ಪನ ತೊಡೆ ಆ ತೂತನ್ನು ಮುಚ್ಚಿಕೊಂಡಿತ್ತು. ಇನ್ನು ಹತ್ತು ಮಿನಿಟು ಅವನು ಹಾಗೇ ಕೂತರೆ ಗೌಡರು ಹೂಂ ಅಂದುಬಿಡುತ್ತಾರೆ, ಬಸ್ಸು ಹತ್ತಿಸಿಬಿಡುತ್ತೇನೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಗೌಡರು ಕೈ ಒರೆಸಿಕೊಂಡು, "ಮನಿ ಅಂತೂ ಒಪ್ಪ ಮಾಡೀರಿ..." ಎಂದು ಶುರುಮಾಡಿದರು.

ಅಷ್ಟರಲ್ಲಿ ಭಾಗ್ಯಾ ಬೆಂಚಿನ ಕೆಳಗೆ ನುಸುಳಿದ್ದಳು. "ದೊಡ್ಡಾಯಿ, ಇಲ್ಲೊಂದು ಗುಂಡ ತೂತು ಅದ! ಸಣ್ಣಜ್ಜನ ಪ್ಯಾಂಟು ಕಾಣ್ತದ!"

ಅಷ್ಟೊತ್ತಿಗೆ ಕುರ್ಚಿಯ ಮೇಲೆ ಬಂದು ಕೂತಿದ್ದ ಬಸಮ್ಮ ಇಳಿದು ಮೊಣಕಾಲೂರಿ ಬಗ್ಗಿದಳು. ಬೆರಳಿನಿಂದ ಅಂಚನ್ನು ಉಜ್ಜಿ, ಬೆರಳು ಮೂಸಿ ನೋಡಿದಳು. ಎದ್ದು ನಿಂತು, "ಏಳ್ರಿ ಇಬ್ಬರೂ" ಎಂದಳು.

"ಯಾಕ ವೈನಿ?"

"ಏಳ್ರಿ ಅಂದೆ. ಹೊಸ್ತಿಲ ಅದು."

ಶರಣಪ್ಪ ಚೇಳು ಕಡಿದವನ ಹಾಗೆ ಜಿಗಿದ. "ಶಿವಶಿವಾ! ಹೊಸ್ತಿಲ ಮ್ಯಾಲ ಕುಂತು ಆರು ಮಿರ್ಚಿ ತಿಂದೆನಲ್ಲೋ!" ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ.

ಬಸಮ್ಮ ನನ್ನ ಕಡೆ ತಿರುಗಿದಳು. ಆಗ ನಾನು ಹೇಳಿದ್ದೇ ಓಣಿಯಲ್ಲಿ ಹೆಸರಾದ ಮಾತು. "ಹೌದು, ಹೊಸ್ತಿಲ. ತಂದಾಕಿ ನಾನು. ಹುಡುಗಿಗಿ ಏನೂ ಗೊತ್ತಿಲ್ಲ. ಮಾರಿದಾಂವ ಬಾಗಲ ಕಟ್ಟಿಗಿ ಅಂತ ಹೇಳಿದ್ದ, ನಾ ಕಿವ್ಯಾಗ ಹಾಕ್ಕೊಳ್ಳಿಲ್ಲ. ತಪ್ಪು ನಂದು, ಬೈಯೂದು ನನಗ ಬೈರಿ." ಬೇರೆ ಏನು ಹೇಳಲು ಬರುತ್ತಿತ್ತು? ಅರಿಷಿಣ ಆಕೆಯ ಬೆರಳಿನಲ್ಲೇ ಇತ್ತು.

ಗೌಡರ ಮುಖ ಗಂಟಾಯಿತು. "ಹೊಸ್ತಿಲಕ್ಕ ಬೆಲಿ ಇಲ್ಲದ ಮನ್ಯಾಗ ಹೆಣ್ಣಕೂಸು ಹ್ಯಾಂಗ ಬೆಳೀತದ? ಬಸಮ್ಮಾ, ಕೂಸಿನ ಅರಿವಿ ಕಟ್ಟು. ನಡೀರಿ."

ಸುಮಂಗಲಾ ಮಗಳನ್ನು ಎತ್ತಿ ಕಂಕುಳಿಗೆ ಹಾಕಿಕೊಂಡು ಒಳಖೋಲಿಯ ಬಾಗಿಲಿಗೆ ಅಡ್ಡ ನಿಂತಳು. "ತಪ್ಪು ಆಗಿದ್ದು ಬೆಂಚಿನಾಗ, ಗೌಡ್ರ. ಕೂಸಿಂದೇನದ?"

"ಸರಿ ಬೇ" ಎಂದು ಬಸಮ್ಮ ಅವಳನ್ನು ಪಕ್ಕಕ್ಕೆ ದೂಡಿ ಒಳಗೆ ಹೋದಳು. ಅರಿವೆ ಕಟ್ಟಲಿಕ್ಕೇ ಹೋದಳು ಎಂದುಕೊಂಡು ನಾನೂ ಹಿಂದೆ ಹೋದೆ. ಭಾಗ್ಯಾ ತಾಯಿಯ ಕಂಕುಳಿಂದ ಜಾರಿ ಬಸಮ್ಮನ ಮುಂದೆ ಓಡಿದಳು. ಅವಳಿಗೆ ಮನೆ ತೋರಿಸುವ ಹುಮ್ಮಸ್ಸು.

"ಈ ಟ್ರಂಕು ದೊಡ್ಡಾಯಿದು. ಈ ಪಡದಾ ಹೊಸಾದು, ಅವ್ವ ತಂದ್ಲು. ಇದು ನಂದು."

ನಂದು ಎಂದದ್ದು ಹಣ್ಣು ತುಂಬುವ ಎರಡು ಕಟ್ಟಿಗೆ ಪೆಟ್ಟಿಗೆ. ಸುಮಂಗಲಾ ಅವನ್ನು ಉಜ್ಜಿ, ಹಳದಿ ಬಳಿದು, ಕೂಸಿನ ಎದೆಯ ಎತ್ತರಕ್ಕೆ ಜೋಡಿಸಿದ್ದಳು. ಒಂದರಲ್ಲಿ ಅಂಗಿ, ಇನ್ನೊಂದರಲ್ಲಿ ಗೊಂಬೆ, ಪಾಟಿ, ಬಳೆಚೂರು.

"ನಿನ್ನ ಅರಿವಿ ನೀನೇ ತಕ್ಕೋತೀ?" ಬಸಮ್ಮ ಕೇಳಿದಳು.

"ಹೂಂ. ಕೈಗಿ ಸಿಗ್ತಾವಲ್ಲ."

ಬಸಮ್ಮ ಆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗಿಗಳನ್ನು ಒಂದೊಂದೇ ಮುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಅಕ್ಕಾ, ಒಂದು ಮಾತು. ಅದು ಹೊಸ್ತಿಲ ಅಂತ ನಿನಗ ಯಾವಾಗ ಗೊತ್ತಾತು?" ಎಂದಳು.

"ಈಗ. ನಿನ್ನ ಕೂಡೇ" ಎಂದೆ.

ಆಕೆಯ ಕಣ್ಣು ನನ್ನ ಸೊಂಟದ ಸಂಚಿಯ ಮೇಲೆ ಇಳಿಯಿತು. ಬಿರಡೆ ಒಳಗೆ ಉಬ್ಬಿಕೊಂಡಿತ್ತು, ಎಲೆ ಅಡಿಕೆ ಅಷ್ಟು ಗುಂಡಗೆ ಉಬ್ಬುವುದಿಲ್ಲ. ಆಕೆಗೆ ತಿಳಿಯಿತೋ ಇಲ್ಲವೋ ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಗೆ ಬಂದು, ಬೆಂಚು ಬಿಟ್ಟು, ಕುರ್ಚಿ ಬಿಟ್ಟು, ಬರಿ ನೆಲದ ಮೇಲೆ ಕೂತಳು.

"ಗೌಡ್ರ, ಮುದುಕಿ ತಪ್ಪು ಒಪ್ಪಿಕೊಂಡಾಳ. ಸುಳ್ಳು ಹೇಳಾಕಿ ಅಲ್ಲ. ಕೂಸಿಗಿ ಇಲ್ಲಿ ತನ್ನದು ಅನ್ನೂದು ಒಂದು ಜಾಗಾ ಅದ. ನಮ್ಮನ್ಯಾಗ ಆಕಿ ಅರಿವಿ ನನ್ನ ಸೀರಿ ಕೆಳಗ ಬೀಳ್ತಿದ್ವು. ಇಲ್ಲೇ ಇರ್ಲಿ."

"ನೀ ಒಬ್ಬಾಕಿ ಅಂದ್ರ ಆಗ್ತದೇನು?" ಗೌಡರಿಗೆ ಸಿಟ್ಟು ಇಳಿದಿರಲಿಲ್ಲ. "ಊರಿಗಿ ಹೋಗಿ ನಾಕು ಮಂದಿ ಕೂಡಿಸಿ ಮಾತಾಡ್ತೇನಿ. ಆಮ್ಯಾಲ ಹೇಳಿ ಕಳಸ್ತೇವಿ."

"ಹೇಳಿ ಕಳಸ್ರಿ. ನಾ ಅನ್ನೂದು ಅಂದೇನಿ" ಎಂದಳು ಬಸಮ್ಮ. ಹೋಗುವಾಗ ಮೊಮ್ಮಗಳ ಕೆನ್ನೆ ಹಿಂಡಿದಳು, ಸೊಸೆಯ ಜೊತೆ ಮಾತಾಡಲಿಲ್ಲ. ನನಗೆ ಮಾತ್ರ, "ಅಕ್ಕಾ, ಇನ್ನೊಮ್ಮಿ ಹೇಳದೇ ಬರ್ತೇನಿ" ಎಂದಳು. ಅದು ಪ್ರೀತಿಯೋ ಬೆದರಿಕೆಯೋ, ಎರಡೂ ಇರಬೇಕು.

ಅವರು ಬಸ್ಸಿಗೆ ಹೋದ ಮೇಲೆ ಸುಮಂಗಲಾ ನನ್ನನ್ನು ಅಪ್ಪಿಕೊಂಡು, "ನೀ ಖರೇ ಹೇಳಿದ್ದಕ್ಕೇ ಉಳೀತು ಆಯಿ" ಎಂದು ಅತ್ತಳು. ಬಿರಡೆಯ ವಿಷಯ ಹೇಳಿಬಿಡಬೇಕು ಎಂದು ನಾಲಿಗೆಯವರೆಗೆ ಬಂತು. "ಪಾತ್ರಿ ತೊಳಿ, ಎಣ್ಣಿ ಹತ್ತ್ಯಾದ" ಎಂದೆ. ಬೆಂಚನ್ನು ಮೂಲೆಗೆ ಸರಿಸಿ, ಯಾರೂ ಕೂರದ ಹಾಗೆ ಬಳ್ಳಿಯ ಹಂಡೆಯನ್ನು ಅದರ ಮೇಲೆ ಹೇರಿದೆವು. ಬಸಮ್ಮನಿಗೆ ಓದಲು ಬರುವುದಿಲ್ಲ. ಯಾರಾದರೂ ಇದನ್ನು ಓದಿ ಹೇಳ್ತೇವಿ ಎಂದರೆ ಹೇಳಲಿ, ಈಗ ನನಗೆ ಹೆದರಿಕೆ ಇಲ್ಲ.

ಆಗ ಇತ್ತು. ಗೌಡರು ನಾಲ್ಕು ಮಂದಿ ಕೂಡಿಸುವುದರೊಳಗೆ ಏನಾದರೂ ಮಾಡಬೇಕಿತ್ತು. ಮನೆಯಲ್ಲಿ ಆಡುವ ಕೂಸನ್ನು ಎತ್ತಿಕೊಂಡು ಹೋಗುವುದು ಸುಲಭ, ಶಾಲೆಯಲ್ಲಿ ಕೂತ ಕೂಸನ್ನು ಎಬ್ಬಿಸಿಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಮರುದಿನ ಬೆಳಿಗ್ಗೆ ಚಹಾ ಕೂಡ ಕುಡಿಯದೆ ಭಾಗ್ಯಾಳ ತಲೆ ಬಾಚಿ, ಕೈ ಹಿಡಿದುಕೊಂಡು ಓಣಿಯ ಕೊನೆಯ ಅಂಗನವಾಡಿಗೆ ಹೋದೆ. ಇನ್ನೂ ಬೀಗ ತೆಗೆದಿರಲಿಲ್ಲ. ಟೀಚರ್ ಬರುವವರೆಗೆ ಬಿಸಿಲಲ್ಲಿ ನಿಂತೆವು.

"ಯಾಕ ಆಯಿ, ಇಷ್ಟು ಲಗೂನ? ಸೋಮವಾರ ರಷ್ ಇರ್ತದ, ನಾಳಿ ಬರ್ರಿ" ಎಂದಳು ಆಕೆ.

"ನಾಳಿ ಆಗಂಗಿಲ್ಲ. ಈಗೇ ಹೆಸರು ಹಚ್ರಿ."

ಆಕೆ ಪುಸ್ತಕ ಬಿಡಿಸಿದಳು. ಹೆಸರು ಕೇಳಿದಳು, ತಾಯಿಯ ಹೆಸರು ಕೇಳಿದಳು, ಹೇಳಿದೆ. "ಇಲ್ಲೇ ಖಾಯಂ ಇರ್ತಾಳೋ, ಬಂದು ಹೋಗೂದೋ?"

"ಖಾಯಂ" ಎಂದೆ.

ಆಕೆ ಪೆನ್ಸಿಲ್ ಎತ್ತಿಕೊಂಡಳು.

"ಪೆನ್ನಿಲೇ ಬರೀರಿ" ಎಂದೆ.